ಚಾಕೋವನ್ನು ನೆತ್ತಿ ಹತ್ತಿ ನೋಡಿ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ವಾಯವ್ಯ ಭಾಗದಲ್ಲಿರುವ ಚಾಕೋ ಕಣಿವೆಗೆ ಹೋದವರು ಪ್ವೆಬ್ಲೊ ಬೊನಿಟೊ ಎಂಬ ಪಾಳುಬಿದ್ದ ದೊಡ್ಡಮನೆಯ ಕೋಣೆಗಳಲ್ಲಿ ಅಡ್ಡಾಡಿ, ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು ಕಾರು ಹತ್ತುವುದು ಸಾಮಾನ್ಯ. ಇನ್ನೊಂದು ಅರ್ಧ ದಿನ ಕೈಯಲ್ಲಿದ್ದರೆ ಹಾಗೆ ಹಿಂದಿರುಗಬೇಡಿ. ಆ ಗೋಡೆಗಳ ಬೆನ್ನಿಗೇ ಬಂಡೆ ಕಡಿದಾಗಿ ಎದ್ದು ನಿಂತಿದೆ. ಅದರ ಮೇಲೆ ತಲೆ ಚಪ್ಪಟೆಯಾದ ವಿಶಾಲ ಮೇಸಾ ಹರಡಿಕೊಂಡಿದೆ. ಅಲ್ಲಿಗೆ ಹೋಗುವ ಪ್ವೆಬ್ಲೊ ಆಲ್ಟೊ ಕಾಲುದಾರಿ ಸುತ್ತಿ ಬರಲು ಸುಮಾರು 8.7 ಕಿಲೋಮೀಟರ್. ಮರುಭೂಮಿಯ ಪಾಳುಗಳನ್ನು ಹುಡುಕಿ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಹಗಲಿನ ಚಾರಣವನ್ನು ನಾನು ಹೇಳಲಾರೆ.

ಹತ್ತುವ ಮೊದಲು ಕಟ್ಟಿದವರ ಬಗ್ಗೆ ನಾಲ್ಕು ಮಾತು. ಕ್ರಿ.ಶ. 850ರ ಹೊತ್ತಿಗೆ ಶುರುವಾದ ಇಲ್ಲಿನ ಕಟ್ಟಡಗಳ ಕೆಲಸ 1150ರವರೆಗೂ ನಡೆಯಿತು. ಪ್ವೆಬ್ಲೊ ಬೊನಿಟೊ ಒಂದರಲ್ಲೇ 600ಕ್ಕೂ ಹೆಚ್ಚು ಕೋಣೆಗಳಿದ್ದವು, ಕೆಲವು ಕಡೆ ನಾಲ್ಕು ಅಂತಸ್ತು ಎದ್ದಿತ್ತು. ಆ ಜನರ ಬಳಿ ಕಬ್ಬಿಣದ ಉಳಿ ಇರಲಿಲ್ಲ, ಗಾಲಿ ಇರಲಿಲ್ಲ, ಭಾರ ಎಳೆಯುವ ಎತ್ತು-ಕುದುರೆಗಳೂ ಇರಲಿಲ್ಲ. ಕಣಿವೆಯಲ್ಲಿ ತೊಲೆಗೆ ಒದಗುವ ಮರ ಇಲ್ಲದ್ದರಿಂದ ಚುಸ್ಕಾ, ಜೂನಿ ಬೆಟ್ಟಗಳಿಂದ, ಎಂದರೆ 75 ಕಿಲೋಮೀಟರಿಗೂ ಆಚೆಯಿಂದ, ಮರಗಳನ್ನು ಮನುಷ್ಯರೇ ಹೊತ್ತು ತಂದರು. ಹಾಗೆ ಬಂದ ಮರಗಳು ಎರಡು ಲಕ್ಷಕ್ಕೂ ಹೆಚ್ಚು ಎಂದು ಸಂಶೋಧಕರ ಅಂದಾಜು. ಆ ತೊಲೆಗಳೇ ಮುಂದೆ ಸಾಕ್ಷಿ ಹೇಳಿದವು: ವಿಜ್ಞಾನಿ ಎ. ಇ. ಡಗ್ಲಸ್ ಮರದ ವಾರ್ಷಿಕ ಉಂಗುರಗಳ ಸರಣಿಯನ್ನು 1929ರಲ್ಲಿ ಕೂಡಿಸಿದ ಮೇಲೆ, ಯಾವ ಮರವನ್ನು ಯಾವ ವರ್ಷ ಕಡಿದರು ಎಂದು ಹೇಳುವುದು ಸಾಧ್ಯವಾಯಿತು.

ಕಿನ್ ಕ್ಲೆಟ್ಸೊ ಎಂಬ ಇನ್ನೊಂದು ದೊಡ್ಡಮನೆಯ ಹಿಂದಿನಿಂದ ದಾರಿ ಏರತೊಡಗುತ್ತದೆ. ಮೊದಲು ಉರುಳಿ ಬಿದ್ದ ಹೆಬ್ಬಂಡೆಗಳು, ಆಮೇಲೆ ಬಂಡೆಯ ನಡುವಿನ ಕಿರಿದಾದ ಸಂದಿ. ಕೈಯೂರಿ ಹತ್ತಬೇಕು, ಬೆನ್ನಿನ ಚೀಲ ಎರಡೂ ಕಡೆ ಉಜ್ಜುತ್ತದೆ. ಏರು ಅಲ್ಪ, ಹತ್ತಿಪ್ಪತ್ತು ನಿಮಿಷದ ಮಾತು. ಆದರೆ ಕಣಿವೆಯ ನೆಲವೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವುದರಿಂದ ಬಯಲುಸೀಮೆಯ ಉಸಿರು ಇಲ್ಲಿ ಸಾಲದು. ನಿಧಾನವಾಗಿ ಹತ್ತಿ.

ಮೇಲೆ ಬಂದ ಕೂಡಲೇ ಕಾಲಡಿ ನೋಡಿ. ಬರಿ ಮರಳುಗಲ್ಲಿನ ಹಾಸು, ದಾರಿ ತೋರಿಸಲು ಅಲ್ಲಲ್ಲಿ ಕಲ್ಲುಗುಪ್ಪೆ. ಆ ಹಾಸಿನಲ್ಲಿ ಬೆರಳಿನ ಗಾತ್ರದ ಕೊಳವೆಗಳು ಅಡ್ಡಾದಿಡ್ಡಿ ಉಬ್ಬಿ ಕಾಣುತ್ತವೆ. ಏಳೆಂಟು ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಇದ್ದಾಗ ಸಿಗಡಿಯಂಥ ಜೀವಿಗಳು ಕೊರೆದ ಬಿಲಗಳು ಅವು. ಹನಿ ನೀರಿಗೆ ಬಾಯಿಬಿಡುವ ಈ ನೆಲ ಒಂದು ಕಾಲದ ಕಡಲತೀರ.

ಬಂಡೆಯಂಚಿನಲ್ಲಿ ಸ್ವಲ್ಪ ದೂರ ನಡೆದರೆ ಪ್ವೆಬ್ಲೊ ಬೊನಿಟೊ ನೇರ ಕೆಳಗೆ ಕಾಣುತ್ತದೆ. ಕೋಣೆಯಿಂದ ಕೋಣೆಗೆ ತೂರುವಾಗ ದಿಕ್ಕು ತಪ್ಪಿಸುವ ಗೋಡೆಗಳು ಇಲ್ಲಿಂದ ಒಂದೇ ನಕ್ಷೆಯಾಗುತ್ತವೆ. ಊರಿಗೆ ಊರೇ ಬಗ್ಗಿಸಿದ ಬಿಲ್ಲಿನ ಆಕಾರ, ಹೆದೆಯಂತೆ ನೇರವಾದ ಗೋಡೆ ದಕ್ಷಿಣಕ್ಕೆ. ಅಂಗಳವನ್ನು ಸೀಳುವ ನಡುಗೋಡೆ ಹೆಚ್ಚುಕಡಿಮೆ ಕರಾರುವಾಕ್ಕಾಗಿ ಉತ್ತರ-ದಕ್ಷಿಣ. ನೆಲದೊಳಗೆ ಇಳಿಸಿ ಕಟ್ಟಿದ ದುಂಡನೆಯ ಕಿವಾಗಳು, ಅಂದರೆ ಆಚರಣೆಯ ಕೋಣೆಗಳು, ಮೇಲಿನಿಂದಲೇ ಎಣಿಕೆಗೆ ಸಿಗುತ್ತವೆ. ಹಿಂಬದಿಯ ಒಂದು ಮಗ್ಗುಲಲ್ಲಿ ಗೋಡೆಗಳು ಕಲ್ಲುರಾಶಿಯಡಿ ಮುಚ್ಚಿಹೋಗಿವೆ. ಕಡಿದಾದ ಬಂಡೆಯಿಂದ ಬೇರ್ಪಟ್ಟು ನಿಂತಿದ್ದ ಸುಮಾರು 30,000 ಟನ್‌ನ ಕಲ್ಲೊಂದು 1941ರ ಜನವರಿ 22ರಂದು ಉರುಳಿ, ಮೂವತ್ತರಷ್ಟು ಕೋಣೆಗಳನ್ನು ನೆಲಸಮ ಮಾಡಿತು. ಕಟ್ಟಿದವರಿಗೆ ಆ ಅಪಾಯ ತಿಳಿದಿತ್ತು. ಬುಡಕ್ಕೆ ಆಸರೆಯ ಕಟ್ಟಡ ಕಟ್ಟಿದ್ದರು. ತಿಳಿದೂ ಅದರ ನೆರಳಲ್ಲೇ ಮನೆ ಕಟ್ಟಿದರೆಂದರೆ ಆ ಜಾಗ ಅವರಿಗೆ ಎಷ್ಟು ಮುಖ್ಯವಾಗಿದ್ದಿರಬೇಕು!

ಅಲ್ಲಿಂದ ಉತ್ತರಕ್ಕೆ ನಡೆದರೆ ಮೇಸಾದ ನೆತ್ತಿಯಲ್ಲಿ ನ್ಯೂ ಆಲ್ಟೊ, ಪ್ವೆಬ್ಲೊ ಆಲ್ಟೊ. ನ್ಯೂ ಆಲ್ಟೊದ ಗೋಡೆಗಳು ಇನ್ನೂ ಎದ್ದು ನಿಂತಿವೆ. ಪ್ವೆಬ್ಲೊ ಆಲ್ಟೊ ಮಾತ್ರ ದಿಬ್ಬದಂತೆ ಕಾಣುತ್ತದೆ. 1970ರ ದಶಕದಲ್ಲಿ ಅದರ ಒಂದು ಪಾಲನ್ನಷ್ಟೇ ಅಗೆದು, ಗೋಡೆ ಕೆಡದಿರಲೆಂದು ಮತ್ತೆ ಮಣ್ಣು ಮುಚ್ಚಿದ್ದಾರೆ. ಇಷ್ಟು ನೋಡಲು ಇಷ್ಟು ದೂರ ಬಂದೆವೇ ಎಂದು ಬೇಸರಪಡಬೇಡಿ. ಇಡೀ ಚಾಕೋದ ಒಗಟು ಬಿಚ್ಚಿಕೊಳ್ಳುವುದು ಇಲ್ಲೇ. ಈ ದೊಡ್ಡಮನೆಯ ಬಾಗಿಲಿಗೆ ಹಲವು ದಿಕ್ಕಿನ ಹಳೆಯ ರಸ್ತೆಗಳು ಬಂದು ಕೂಡುತ್ತವೆ. ಅಗಲ ಸುಮಾರು 9 ಮೀಟರ್‌ವರೆಗೂ ಇತ್ತು. ಗುಡ್ಡ ಅಡ್ಡ ಬಂದರೆ ಬಳಸದೆ, ಮೆಟ್ಟಿಲು ಕಡಿದು ನೇರ ಹತ್ತಿದ ರಸ್ತೆಗಳು. ಅವುಗಳಲ್ಲಿ ದೊಡ್ಡದಾದ ಉತ್ತರದ ಹೆದ್ದಾರಿ ಇಲ್ಲಿಂದ ಹೊರಟು 50 ಕಿಲೋಮೀಟರ್‌ಗಳಷ್ಟು ದೂರದ ಕುಟ್ಜ್ ಕಮರಿಯ ಕಡೆಗೆ ಸಾಗುತ್ತದೆ. ಗಾಡಿಯೇ ಇಲ್ಲದವರಿಗೆ ಇಷ್ಟು ಅಗಲದ ರಸ್ತೆ ಯಾಕೆ? ಹೊರೆ ಹೊತ್ತವರು ನಡೆಯಲು ಕಾಲುದಾರಿ ಸಾಕಾಗಿತ್ತು. ಮೆರವಣಿಗೆಗೆ, ಯಾತ್ರೆಗೆ, ದೂರದ ಊರುಗಳನ್ನು ಈ ಕೇಂದ್ರಕ್ಕೆ ಬಿಗಿಯಲು ಕಟ್ಟಿದವು ಎಂಬ ವಿದ್ವಾಂಸರ ಮಾತು, ಈ ನೆತ್ತಿಯ ಮೇಲೆ ನಿಂತು ಸುತ್ತ ನೋಡಿದಾಗ ನನಗೆ ಒಪ್ಪಿಗೆಯಾಗುತ್ತದೆ.

ಆ ನಂಟು ಎಷ್ಟು ದೂರದ್ದೆಂದು ತೋರಿಸಿದ್ದು ಮಡಕೆಯ ಬೋಕಿಗಳು. ಪ್ವೆಬ್ಲೊ ಬೊನಿಟೊದ ಉದ್ದನೆಯ ಜಾಡಿಗಳ ಚೂರುಗಳು ಕೋಕೋದ ಅಂಶವನ್ನು ಹೀರಿಕೊಂಡಿರುವುದನ್ನು ಸಂಶೋಧಕರಾದ ಪೆಟ್ರೀಷಿಯಾ ಕ್ರೌನ್ ಮತ್ತು ಜೆಫ್ರಿ ಹರ್ಸ್ಟ್ 2009ರಲ್ಲಿ ಪ್ರಕಟಿಸಿದರು. ಕೋಕೋ ಬೆಳೆಯುವ ಬಿಸಿನಾಡು ಇಲ್ಲಿಂದ ಸುಮಾರು 2,000 ಕಿಲೋಮೀಟರ್ ದಕ್ಷಿಣಕ್ಕಿದೆ. ಕೆಂಪು ಮಕಾವ್ ಗಿಳಿಗಳೂ ಆ ಕಡೆಯಿಂದಲೇ ಬಂದವು. ಪ್ವೆಬ್ಲೊ ಆಲ್ಟೊದ ಸುತ್ತ ನಿಮ್ಮ ಕಾಲಬಳಿಯೂ ಕಪ್ಪು-ಬಿಳಿ ಗೀಟಿನ ಚೂರುಗಳು ಕಂಡಾವು. ಕಣ್ಣಲ್ಲಿ ನೋಡಿ, ಕೈಗೆತ್ತಬೇಡಿ. ಜಾಗ ಬಿಟ್ಟು ಕದಲಿದ ಬೋಕಿ ತನ್ನ ಕಥೆಯನ್ನು ಕಳೆದುಕೊಳ್ಳುತ್ತದೆ.

ಮರಳುವ ಸುತ್ತಿನಲ್ಲಿ ಎದುರಿನ ಬಂಡೆಯ ಮೇಲೆ ಜಾಕ್ಸನ್ ಮೆಟ್ಟಿಲುಗಳು ಕಾಣುತ್ತವೆ. ಕಡಿದಾದ ಮೈಯಲ್ಲಿ ಕಲ್ಲಿನಿಂದಲೇ ಕಲ್ಲು ಕುಟ್ಟಿ ಮಾಡಿದ ಸೋಪಾನ. ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ 1877ರಲ್ಲಿ ಇಲ್ಲಿಗೆ ಬಂದು ಚಿತ್ರ ತೆಗೆದರು. ಆಗ ಹೊಸದಾಗಿದ್ದ ಫಿಲ್ಮ್ ಕೈಕೊಟ್ಟು ಒಂದು ಚಿತ್ರವೂ ಮೂಡಲಿಲ್ಲ. ಉಳಿದದ್ದು ಅವರ ವಿವರಣೆ, ನಕ್ಷೆಗಳು ಮತ್ತು ಮೆಟ್ಟಿಲಿಗೆ ಅವರ ಹೆಸರು.

1130ರಿಂದ ಸುಮಾರು ಐವತ್ತು ವರ್ಷ ಬರ ಬಿದ್ದಾಗ ಕಟ್ಟುವ ಕೆಲಸ ನಿಂತಿತು, ಜನ ಬೇರೆಡೆ ನೆಲೆಸಿದರು. ಅವರ ಸಂತತಿಯವರಾದ ಹೋಪಿ, ಜೂನಿ ಹಾಗೂ ಇತರ ಪ್ವೆಬ್ಲೊ ಜನರಿಗೆ ಇದು ಇಂದಿಗೂ ಹಿರಿಯರ ನೆಲ. 1907ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, 1987ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಇದಕ್ಕೆ ರಕ್ಷಣೆ ಸಿಕ್ಕಿತು. ಆದರೆ ಹಳೆಯ ರಸ್ತೆಗಳು ಉದ್ಯಾನದ ಬೇಲಿಗೆ ನಿಲ್ಲುವುದಿಲ್ಲ. ಆಗ ಅಮೆರಿಕದ ಒಳಾಡಳಿತ ಕಾರ್ಯದರ್ಶಿಯಾಗಿದ್ದ, ಸ್ವತಃ ಲಗೂನಾ ಪ್ವೆಬ್ಲೊ ಮೂಲದ ಡೆಬ್ ಹಾಲಂಡ್ 2023ರಲ್ಲಿ ಸುತ್ತಲಿನ 10 ಮೈಲಿಯೊಳಗಿನ ಸರ್ಕಾರಿ ಭೂಮಿಯಲ್ಲಿ ತೈಲ-ಅನಿಲದ ಹೊಸ ಗುತ್ತಿಗೆಗಳನ್ನು 20 ವರ್ಷಗಳ ಮಟ್ಟಿಗೆ ತಡೆದರು. ಮೇಸಾದ ಮೇಲೆ ನಿಂತು ಆ ರಸ್ತೆಗಳ ದಿಕ್ಕು ನೋಡಿದವರಿಗೆ ಅಂಥ ರಕ್ಷಣೆ ಎಷ್ಟು ಅಗತ್ಯವೆಂದು ಯಾರೂ ವಿವರಿಸಬೇಕಿಲ್ಲ.

ಹೋಗುವವರಿಗೆ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನ ಸಿಡಿಲುಮಳೆ ಬರುತ್ತದೆ, ಬೋಳು ಮೇಸಾದ ಮೇಲೆ ಮರೆಯಿಲ್ಲ. ಕೊನೆಯ ಮಣ್ಣುರಸ್ತೆ ನೆನೆದರೆ ಕಾರು ಸಾಗುವುದು ಕಷ್ಟ. ಉದ್ಯಾನದಲ್ಲಿ ಊಟವಿಲ್ಲ, ಪೆಟ್ರೋಲ್ ಇಲ್ಲ. ತಲಾ ಕನಿಷ್ಠ ಮೂರು ಲೀಟರ್ ನೀರು, ಟೊಪ್ಪಿ, ಬುತ್ತಿ ಜೊತೆಗಿರಲಿ. ದಾರಿಯ ಬುಡದಲ್ಲಿ ಹೆಸರು ಬರೆದು, ಬೆಳಗ್ಗೆ ಬೇಗ ಹೊರಡಿ. ಸಂಜೆ ಅಲ್ಲೇ ಗ್ಯಾಲೊ ಶಿಬಿರದಲ್ಲಿ ಉಳಿಯುವುದಾದರೆ ಇನ್ನೂ ಒಳ್ಳೆಯದು. ಫೀನಿಕ್ಸ್, ಡೆನ್ವರ್ ಕಡೆ ಇರುವ ಕನ್ನಡಿಗರು ದೀರ್ಘ ವಾರಾಂತ್ಯಕ್ಕೆ ಗ್ರ್ಯಾಂಡ್ ಕ್ಯಾನಿಯನ್‌ನತ್ತಲೇ ಕಾರು ತಿರುಗಿಸುವ ಬದಲು ಒಮ್ಮೆ ಇತ್ತ ಬನ್ನಿ, ಮಕ್ಕಳನ್ನೂ ಕರೆತನ್ನಿ.