ಹಾರುವ ಮೊದಲೇ ಕಟ್ಟುವ ಹಣ

ನಲವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಪೈಲಟ್ ಆದವರ ಕಥೆಗಳಿಗೆ ಈಗ ಒಳ್ಳೆಯ ಗಿರಾಕಿ. ಅವುಗಳಲ್ಲಿ ಬಾಲ್ಯದ ಕನಸಿರುತ್ತದೆ, ಮನೆಯವರ ಸಹಕಾರವಿರುತ್ತದೆ, ಭುಜದ ಮೇಲೆ ಪಟ್ಟಿಯೂ ಇರುತ್ತದೆ. ಫೀಸು ಯಾವಾಗ ಕಟ್ಟಿದರು, ಎಷ್ಟು ಕಂತಿನಲ್ಲಿ ಕಟ್ಟಿದರು ಎಂಬುದು ಮಾತ್ರ ಇರುವುದಿಲ್ಲ. ಇಡೀ ಕೋರ್ಸಿನ ಹಣವನ್ನು ಒಂದೇ ಸಲ ಕಟ್ಟಿಸಿಕೊಳ್ಳುವ ‘ಪ್ಯಾಕೇಜ್’ ಪದ್ಧತಿ ಈ ಮೌನದಿಂದಲೇ ಮರ್ಯಾದೆ ಗಳಿಸಿದೆ.

ದರ ಏರುವುದಿಲ್ಲ, ರಿಯಾಯಿತಿ ಸಿಗುತ್ತದೆ ಎಂಬ ಸಮರ್ಥನೆ ಹಳೆಯದು. ಆದರೆ ಮುಂಗಡ ಕಟ್ಟಿದವರು ಹಾರಾಟ ಕಲಿಸುವ ಶಾಲೆಗೆ ಅಡಮಾನವಿಲ್ಲದೆ, ಬಡ್ಡಿಯಿಲ್ಲದೆ ಸಾಲ ಕೊಟ್ಟಂತೆಯೇ. ಅಮೆರಿಕದ ನೆವಾಡದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ಶಾಲೆ 2008ರ ಫೆಬ್ರವರಿಯಲ್ಲಿ ಏಕಾಏಕಿ ಬಾಗಿಲು ಹಾಕಿದಾಗ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ನಡುದಾರಿಯಲ್ಲಿ ಉಳಿದರು. ಅನೇಕರು ಸುಮಾರು 70 ಸಾವಿರ ಡಾಲರ್ ಸಾಲ ಮಾಡಿ ಮೊದಲೇ ಕಟ್ಟಿದ್ದರು; ಆ ಸಾಲದಿಂದ ಬಿಡಿಸಿಕೊಳ್ಳಲು ಕೋರ್ಟು ಹತ್ತಬೇಕಾಯಿತು. 2023ರಲ್ಲಿ ಸ್ಕಾಟ್ಲೆಂಡಿನ ಟೇಸೈಡ್ ಏವಿಯೇಷನ್ ಮುಳುಗಿದಾಗಲೂ ಹಣ ಕಟ್ಟಿದವರದ್ದು ಇದೇ ಪಾಡು. ಇಪ್ಪತ್ತರ ಹುಡುಗರು ಇಂಥ ಪೆಟ್ಟಿನಿಂದ ಹೇಗೋ ಚೇತರಿಸಿಕೊಂಡಾರು. ಮನೆಸಾಲ, ಮಕ್ಕಳ ಕಾಲೇಜು ಫೀಸು ಹೊತ್ತ ನಲವತ್ತೈದರವರಿಗೆ ಏರ್‌ಲೈನ್‌ನಲ್ಲಿ ಉಳಿದಿರುವುದೇ 65ರವರೆಗಿನ ಅವಧಿ.

ಇನ್ನು ಎದುರು ಪಾಳಯ. ಕೆಲಸ ಬಿಡಬೇಡಿ, ವಾರಾಂತ್ಯಕ್ಕೆ ಹಾರಿ, ಹಾರಿದಷ್ಟಕ್ಕೆ ಕಟ್ಟಿ ಎನ್ನುವ ಹಣಕಾಸು ಸಲಹೆಗಾರರು ಇವರು. ಕೇಳಲು ಹಿತವಾದ ಮಾತು. ಆದರೆ ಇವರು ಭಾರತದ ನಿಯಮವನ್ನು ಓದಿದಂತಿಲ್ಲ. ಸಿಪಿಎಲ್‌ಗೆ, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸಿಗೆ, ಬೇಕಾದ 200 ಗಂಟೆಗಳ ಹಾರಾಟ ಅರ್ಜಿಗೆ ಹಿಂದಿನ ಐದು ವರ್ಷಗಳೊಳಗೆ ಆಗಿರಬೇಕು. ವಾರಕ್ಕೆ ಒಂದು ಗಂಟೆ, ಮಳೆ ಮೋಡ ಕಳೆದು ವರ್ಷಕ್ಕೆ 40 ವಾರ ಎಂದಿಟ್ಟುಕೊಂಡರೂ 200 ಗಂಟೆಗೆ ಸರಿಯಾಗಿ ಐದು ವರ್ಷ. ನಡುವೆ ಒಂದು ವರ್ಗಾವಣೆಯೋ ಮನೆಯಲ್ಲೊಂದು ಮದುವೆಯೋ ಬಂದರೆ ಮೊದಮೊದಲ ಗಂಟೆಗಳು ಲಾಗ್‌ಬುಕ್ಕಿನಲ್ಲಿದ್ದೂ ಲೆಕ್ಕಕ್ಕಿಲ್ಲ. ಮೂರು ವಾರ ಬಿಟ್ಟು ಬಂದವರು ಲ್ಯಾಂಡಿಂಗನ್ನು ಮತ್ತೆ ತಿದ್ದಿಕೊಳ್ಳಬೇಕು. ಆಗಲೂ ಮೀಟರ್ ಓಡುತ್ತಲೇ ಇರುತ್ತದೆ. ಉಳಿತಾಯವೆಂದು ಹೊರಟದ್ದು ಪ್ಯಾಕೇಜ್‌ಗಿಂತ ದುಬಾರಿಯಾಗುವುದು ಇಲ್ಲೇ.

ಎರಡೂ ಪಾಳಯದವರು ಬೇರೆ ಬೇರೆಯಾದ ಎರಡು ಸಂಗತಿಗಳನ್ನು ಒಂದು ಮಾಡಿದ್ದಾರೆ. ಹಾರಾಟ ಒಟ್ಟಿಗೆ ನಡೆಯಬೇಕು, ರಜೆ ಹಾಕಿಯಾದರೂ ಸರಿ. ಹಣ ಒಟ್ಟಿಗೆ ಹೋಗಬೇಕಿಲ್ಲ. ಹತ್ತು ಗಂಟೆಗೆ ಕಟ್ಟಿ, ಹಾರಿ, ಲಾಗ್‌ಬುಕ್ಕಿನಲ್ಲಿ ಸಹಿ ಬಿದ್ದ ಮೇಲೆ ಮುಂದಿನ ಹತ್ತಕ್ಕೆ ಕಟ್ಟಬಹುದು. ಅದಕ್ಕೂ ಮುಂಚೆ ಕ್ಲಾಸ್ ಒನ್ ಮೆಡಿಕಲ್ ಮುಗಿಸುವುದು ಕ್ಷೇಮ. ಅದನ್ನು ಮಾಡುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಈ ವಯಸ್ಸಿಗೆ ಬಿಪಿ, ಸಕ್ಕರೆ, ಇಸಿಜಿಗಳ ಫಲಿತಾಂಶ ತಿಳಿಯದೆ ಪಿಎಫ್ ಮುರಿಯುವುದು ಹುಚ್ಚಾಟ. ಲೈಸೆನ್ಸ್ ಬಂದ ಮೇಲೂ ಟೈಪ್ ರೇಟಿಂಗ್, ಅಂದರೆ ನಿರ್ದಿಷ್ಟ ಮಾದರಿಯ ವಿಮಾನ ನಡೆಸುವ ಅರ್ಹತೆ, ಎಂಬ ದೊಡ್ಡ ಖರ್ಚು ಕಾದಿರುತ್ತದೆ.

ಕಂತಿನವರು ನಡುವೆಯೇ ಬಿಟ್ಟುಹೋಗುತ್ತಾರೆ ಎಂಬುದು ಶಾಲೆಗಳ ತಕರಾರು. ಬಿಡುವವರು ಇದ್ದಾರೆ, ನಿಜ. ಅವರ ಉಳಿದ ಹಣ ಅವರ ಖಾತೆಯಲ್ಲೇ ಉಳಿಯುತ್ತದೆ ಎಂಬುದೇ ಈ ತಕರಾರಿನ ಬೇರು.