ಫ್ಲ್ಯಾಷ್ ಸ್ವಾಪ್ ಮತ್ತು ಬ್ಯಾಟರಿಯ ಅವಧಿ: ಒಂದು ವಾದದ ಪರಿಶೀಲನೆ

ಲ್ಯಾಪ್‌ಟಾಪಿನ ಸ್ವಾಪ್ ಸ್ಥಳವನ್ನು ತಿರುಗುವ ಹಾರ್ಡ್‌ಡಿಸ್ಕಿನಿಂದ ತೆಗೆದು ಪೆನ್‌ಡ್ರೈವಿನಲ್ಲೋ ಮೆಮರಿ ಕಾರ್ಡಿನಲ್ಲೋ ಇರಿಸಿದರೆ ಬ್ಯಾಟರಿಯು ಹೆಚ್ಚು ಹೊತ್ತು ನಡೆಯುವುದೆಂಬ ವಾದವೊಂದು ಗಣಕಾಸಕ್ತರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಎಸ್‌ಎಸ್‌ಡಿ ಉಳ್ಳ ಹೊಸ ಯಂತ್ರಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಆದರೆ ಹಳೆಯ ಯಂತ್ರವನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗಳು ನಮ್ಮಲ್ಲಿ ಕಡಮೆಯಿಲ್ಲ. ಸೊರಬ ತಾಲ್ಲೂಕಿನ ಉಳವಿಯಂತಹ ಊರಿನಲ್ಲಿ ಮಳೆಗಾಲದ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ಓದು ಬರಹವೆಲ್ಲ ಬ್ಯಾಟರಿಯ ದಯೆಯಲ್ಲಿ ನಿಲ್ಲುತ್ತದೆ. ಅಲ್ಲಿ ಹತ್ತು ನಿಮಿಷಕ್ಕೂ ಬೆಲೆಯುಂಟು. ಪೆನ್‌ಡ್ರೈವಿಗೆ ತೆತ್ತ ಹಣಕ್ಕೂ ಬೆಲೆಯುಂಟು. ಆದುದರಿಂದ ಈ ವಾದವನ್ನು ಒಪ್ಪುವ ಮೊದಲು ತೂಗಿ ನೋಡುವುದು ಉಚಿತ.

ಮೊದಲು ವಾದದ ತಳಹದಿಯನ್ನು ನೋಡೋಣ. ಮುಖ್ಯ ಸ್ಮೃತಿಯಲ್ಲಿ ಹಿಡಿಯದ ಪುಟಗಳನ್ನು ನಿಧಾನವಾದ ಬೇರೊಂದು ಸಂಗ್ರಹಕ್ಕೆ ಸಾಗಿಸಿ, ಬೇಕಾದಾಗ ಮರಳಿ ತರುವ ಪದ್ಧತಿಯು ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಆಟ್ಲಾಸ್ ಗಣಕದಿಂದ ಬಂದದ್ದು. ಅಲ್ಲಿ ಆ ಸಂಗ್ರಹವು ತಿರುಗುವ ಕಾಂತೀಯ ಪೀಪಾಯಿಯಾಗಿತ್ತು. ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಆಯಿತು. ತಿರುಗುವ ವಸ್ತುವಿಗೆ ಮೋಟರು ಬೇಕು, ಮೋಟರಿಗೆ ವಿದ್ಯುತ್ತು ಬೇಕು. ತೋಷಿಬಾದ ಫುಜಿಯೊ ಮಸುವೊಕ 1984ರಲ್ಲಿ ಲೋಕದ ಮುಂದಿಟ್ಟ ಫ್ಲ್ಯಾಷ್ ಸ್ಮೃತಿಯಲ್ಲಿ ತಿರುಗುವ ಭಾಗವೇ ಇಲ್ಲ. ಸ್ವಾಪ್ ಅಲ್ಲಿದ್ದರೆ ಡಿಸ್ಕು ನಿದ್ರಿಸಬಹುದು. ಡಿಸ್ಕು ನಿದ್ರಿಸಿದರೆ ಬ್ಯಾಟರಿ ಉಳಿಯುವುದು. ತರ್ಕವು ಮೇಲ್ನೋಟಕ್ಕೆ ನಿರ್ದುಷ್ಟವಾಗಿಯೇ ಇದೆ.

ಆದರೆ ಉಳಿತಾಯದ ಪ್ರಮಾಣವೆಷ್ಟು? ಉದಾಹರಣೆಗಾಗಿ 45 ವಾಟ್-ಗಂಟೆಯ ಬ್ಯಾಟರಿಯೂ ಒಟ್ಟು 15 ವಾಟ್ ಬಳಕೆಯೂ ಉಳ್ಳ ಯಂತ್ರವೊಂದನ್ನು ಕಲ್ಪಿಸಿಕೊಳ್ಳೋಣ. ಅದು 3 ಗಂಟೆ ನಡೆಯುತ್ತದೆ. ಕೆಲಸವಿಲ್ಲದೆ ತಿರುಗುತ್ತಿರುವ 2.5 ಅಂಗುಲದ ಡಿಸ್ಕಿಗೆ ಸುಮಾರು 0.8 ವಾಟ್, ನಿಂತ ಡಿಸ್ಕಿಗೆ ಸುಮಾರು 0.2 ವಾಟ್ ಎಂದಿಟ್ಟುಕೊಂಡರೆ, ಅದು ಪೂರ್ತಿಯಾಗಿ ನಿಂತೇ ಇದ್ದರೂ ಉಳಿಯುವುದು 0.6 ವಾಟ್. ಬ್ಯಾಟರಿಯ ಅವಧಿಗೆ ಕೂಡುವುದು ಏಳೆಂಟು ನಿಮಿಷ. ಪೆನ್‌ಡ್ರೈವು ತಾನೇ 0.3 ವಾಟ್ ತಿಂದರೆ ಲಾಭವು ನಾಲ್ಕು ನಿಮಿಷಕ್ಕೂ ಕೆಳಗಿಳಿಯುತ್ತದೆ. ಒಟ್ಟು ವೆಚ್ಚದಲ್ಲಿ ಡಿಸ್ಕಿನ ಪಾಲೇ ಅಲ್ಪವಾಗಿರುವಾಗ ಅದರ ಉಳಿತಾಯವು ಆ ಪಾಲನ್ನು ಮೀರಲಾರದು. ಪ್ರತಿಪಾದಕರು ಈ ಸರಳ ಲೆಕ್ಕವನ್ನು ಮಾಡಿದಂತೆ ತೋರುವುದಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗುರುತರವಾದುದು. ಡಿಸ್ಕನ್ನು ಎಬ್ಬಿಸುವುದು ಸ್ವಾಪ್ ಒಂದೇ ಅಲ್ಲ. ಕಡತವ್ಯವಸ್ಥೆಯ ದಿನಚರಿ, ದಾಖಲೆಗಳ ಬರಹ, ಕಡತವನ್ನು ಓದಿದ ವೇಳೆಯ ನಮೂದು, ಇವೆಲ್ಲವೂ ಆಗಾಗ್ಗೆ ಡಿಸ್ಕನ್ನು ತಟ್ಟುತ್ತವೆ. ಲಿನಕ್ಸಿನ ಎಕ್ಸ್ಟ್3 ಕಡತವ್ಯವಸ್ಥೆಯು ಸಹಜ ಸ್ಥಿತಿಯಲ್ಲಿ 5 ಸೆಕೆಂಡಿಗೊಮ್ಮೆ ಬರೆಯುವಂತಹುದು. ಈ ಬರಹಗಳನ್ನು ಒಟ್ಟುಗೂಡಿಸಿ ಮುಂದೂಡುವ ‘ಲ್ಯಾಪ್‌ಟಾಪ್ ಮೋಡ್’ 2004ರಲ್ಲಿ ಲಿನಕ್ಸಿಗೆ ಸೇರಿತು. ಅದಿಲ್ಲದೆ ಸ್ವಾಪನ್ನು ಮಾತ್ರ ಸ್ಥಳಾಂತರಿಸುವುದು ಒಂದು ಬಾಗಿಲನ್ನು ಮುಚ್ಚಿ ಮೂರು ಬಾಗಿಲನ್ನು ತೆರೆದಿಟ್ಟಂತೆ. ಮೇಲಾಗಿ ಪದೇ ಪದೇ ನಿಂತು ಹೊರಡುವ ಡಿಸ್ಕು ಹೊರಡುವಾಗ ಹೆಚ್ಚು ವಿದ್ಯುತ್ತನ್ನೇ ಸೆಳೆಯುತ್ತದೆ. ಹಳೆಯ ಯಂತ್ರಗಳಲ್ಲಿ ಯುಎಸ್‌ಬಿಯ ಸತತ ಚಟುವಟಿಕೆಯು ಪ್ರೊಸೆಸರನ್ನು ಗಾಢನಿದ್ರೆಗೆ ಹೋಗಗೊಡದು. ಆಗ ಲಾಭವು ನಷ್ಟವಾಗಿಯೂ ತಿರುಗಬಹುದು.

ವಿಂಡೋಸ್ ವಿಸ್ತಾದೊಡನೆ 2007ರಲ್ಲಿ ಜನಬಳಕೆಗೆ ಬಂದ ರೆಡಿಬೂಸ್ಟನ್ನು ಕೆಲವರು ಸಾಕ್ಷಿಯಾಗಿ ಎತ್ತುವುದುಂಟು. ಇದು ಸಲ್ಲದು. ಅದು ಪೆನ್‌ಡ್ರೈವಿನಲ್ಲಿ ಇಡುತ್ತಿದ್ದುದು ಡಿಸ್ಕಿನಲ್ಲಿಯೂ ಇರುವ ಮಾಹಿತಿಯ ಪ್ರತಿಯನ್ನು, ಅದೂ ಗೂಢಲಿಪಿಯಲ್ಲಿ. ಪೆನ್‌ಡ್ರೈವನ್ನು ಕಿತ್ತರೂ ಕೆಲಸ ಕೆಡುತ್ತಿರಲಿಲ್ಲ. ನಿಜವಾದ ಸ್ವಾಪಿನ ಮಾತು ಬೇರೆ. ಬಳಕೆಯಲ್ಲಿರುವಾಗ ಕೈತಪ್ಪಿ ಕಿತ್ತರೆ ತೆರೆದ ಕಾರ್ಯಕ್ರಮಗಳು ಕುಸಿಯುತ್ತವೆ. ಪೆನ್‌ಡ್ರೈವು ಕಳೆದುಹೋದರೆ ಸ್ಮೃತಿಯಲ್ಲಿದ್ದ ಗುಪ್ತಪದಗಳೂ ಪರರ ಕೈ ಸೇರಬಹುದು. ಫ್ಲ್ಯಾಷಿನ ಸ್ವಭಾವವೂ ಇಲ್ಲಿ ಪ್ರತಿಕೂಲವಾಗಿದೆ. ಸ್ವಾಪಿನ ಪುಟ 4 ಕಿಲೋಬೈಟ್. ಫ್ಲ್ಯಾಷಿನಲ್ಲಿ ಒಮ್ಮೆಗೆ ಅಳಿಸಬೇಕಾದ ಖಂಡವೋ ನೂರಾರು ಕಿಲೋಬೈಟ್, ಕೆಲವೆಡೆ ಇನ್ನೂ ಹೆಚ್ಚು. ಚಿಕ್ಕ ಬರಹಕ್ಕೂ ದೊಡ್ಡ ಖಂಡ ಸವೆಯುತ್ತದೆ. ಅಗ್ಗದ ಪೆನ್‌ಡ್ರೈವಿನಲ್ಲಿ ಈ ಸವೆತವನ್ನು ಎಲ್ಲೆಡೆಗೂ ಹಂಚುವ ಏರ್ಪಾಡು ಬಹು ದುರ್ಬಲ.

ಹಾಗಾದರೆ ಫ್ಲ್ಯಾಷಿನಿಂದ ಬ್ಯಾಟರಿಗೆ ಪ್ರಯೋಜನವೇ ಇಲ್ಲವೆ? ಇದೆಯೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರೂಪಿಸಿ 2001ರಲ್ಲಿ ಹೊರಗೆಡಹಿದ ಸಿಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕೇ ಇರಲಿಲ್ಲ. ಲಿನಕ್ಸ್ ಫ್ಲ್ಯಾಷಿನಲ್ಲಿ ನೆಲಸಿತ್ತು, ಪ್ರೊಸೆಸರು ಅಲ್ಪವ್ಯಯದ್ದು, ಮೂರು ಚಿಕ್ಕ ಎಎಎ ಸೆಲ್ಲುಗಳಿಂದ ನಡೆಯುವಂತೆ ಅದನ್ನು ಯೋಜಿಸಲಾಗಿತ್ತು. ಮಾರುಕಟ್ಟೆಯಲ್ಲಿ ಅದು ನಿರೀಕ್ಷೆಯನ್ನು ಮುಟ್ಟಲಿಲ್ಲವೆಂಬುದು ನಿಜ. ಅದರ ವಿನ್ಯಾಸದ ಪಾಠ ಮಾತ್ರ ಸುಳ್ಳಾಗಲಿಲ್ಲ. ಅಲ್ಲಿ ಡಿಸ್ಕನ್ನು ಮಲಗಿಸಲು ಹೆಣಗಲಿಲ್ಲ, ಡಿಸ್ಕನ್ನೇ ಬಿಟ್ಟರು. ಫ್ಲ್ಯಾಷನ್ನು ಡಿಸ್ಕಿನ ಜತೆಗೆ ಸೇರಿಸುವುದಕ್ಕೂ ಡಿಸ್ಕಿಗೆ ಬದಲಾಗಿ ಇಡುವುದಕ್ಕೂ ಇರುವ ಅಂತರವಿದು.

ಈ ವಿವೇಚನೆಯಿಂದ ನಿಲ್ಲುವ ನಿರ್ಣಯವಿಷ್ಟು. ಸ್ವಾಪು ಮೇಲಿಂದ ಮೇಲೆ ಬೇಕಾಗುತ್ತಿದೆಯೆಂದರೆ ಮುಖ್ಯ ಸ್ಮೃತಿ ಸಾಲದೆಂದೇ ಅರ್ಥ. ಪೀಟರ್ ಡೆನಿಂಗ್ 1968ರಲ್ಲಿಯೇ ವಿವರಿಸಿದ ಹೊಯ್ದಾಟದ ಸ್ಥಿತಿ ಅದು. ಅದಕ್ಕೆ ಮೊದಲ ಮದ್ದು ಸ್ಮೃತಿಯನ್ನು ಹೆಚ್ಚಿಸುವುದು. ಹಣವಿಲ್ಲದವರು ಪುಟಗಳನ್ನು ಸ್ಮೃತಿಯಲ್ಲಿಯೇ ಕುಗ್ಗಿಸಿಡುವ ಜೆಡ್‌ರ‍್ಯಾಮ್ ಏರ್ಪಾಡನ್ನು ಬಳಸಬಹುದು. 2014ರಿಂದ ಅದು ಲಿನಕ್ಸ್ ಕರ್ನೆಲಿನ ಅಂಗವೇ ಆಗಿದೆ, ಕಾಸಿನ ಖರ್ಚಿಲ್ಲ. ಹಣವುಳ್ಳವರು ಡಿಸ್ಕನ್ನೇ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಲೇಸು. ಪರದೆಯ ಬೆಳಕನ್ನು ತಗ್ಗಿಸುವುದರಿಂದಲೇ ಪೆನ್‌ಡ್ರೈವಿನ ಸ್ವಾಪಿಗಿಂತ ಹೆಚ್ಚು ನಿಮಿಷ ದೊರೆಯುವುದುಂಟು. ವಾದವು ತತ್ತ್ವದಲ್ಲಿ ಸರಿ, ಪ್ರಮಾಣದಲ್ಲಿ ತಪ್ಪು. ಉಪಕರಣಗಳ ವಿಷಯದಲ್ಲಿ ಪ್ರಮಾಣವನ್ನು ಮರೆತ ತತ್ತ್ವವು ಬಡವಿದ್ಯಾರ್ಥಿಯ ಕೈಯಿಂದಲೇ ಬೆಲೆ ತೆರಿಸುತ್ತದೆಂಬುದನ್ನು ಬೋಧಕರು ನೆನಪಿನಲ್ಲಿಡಬೇಕು.