ಅಳತೆಗೋಲಿಗೆ ಸುರಿದ ಹಣ

ಪಾರ್ಕಿನ್‌ಸನ್ ರೋಗಕ್ಕೆ ಇಂದಿಗೂ ಮುಖ್ಯ ಆಸರೆ ಲೆವೊಡೋಪಾ ಮಾತ್ರೆಯೇ. 1960ರ ದಶಕದಲ್ಲಿ ಬಳಕೆಗೆ ಬಂದ ಈ ಮದ್ದು ನಡುಕ, ಬಿಗಿತಗಳನ್ನು ತಗ್ಗಿಸುತ್ತದೆ. ನರಕೋಶಗಳ ಸಾವನ್ನು ತಡೆಯುವುದಿಲ್ಲ. 29ನೇ ವಯಸ್ಸಿಗೇ ಈ ರೋಗಕ್ಕೆ ತುತ್ತಾದ ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್ 2000ದಲ್ಲಿ ಕಟ್ಟಿದ ಪ್ರತಿಷ್ಠಾನ ಈವರೆಗೆ 200 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಸಂಶೋಧನೆಗೆ ಕೊಟ್ಟಿದೆ. ರೋಗವನ್ನು ನಿಲ್ಲಿಸುವ ಔಷಧಿ ಇನ್ನೂ ಬಂದಿಲ್ಲ. ಹಾಗೆಂದು ಆ ಹಣ ವ್ಯರ್ಥವಾಯಿತು ಎನ್ನುವುದು ತಪ್ಪು ಲೆಕ್ಕ.

ಪ್ರತಿಷ್ಠಾನದ ಅತ್ಯುತ್ತಮ ನಿರ್ಧಾರವೆಂದರೆ 2010ರಲ್ಲಿ ಆರಂಭಿಸಿದ ಪಿಪಿಎಂಐ, ರೋಗ ಬೆಳೆಯುವುದನ್ನು ಅಳೆಯಬಲ್ಲ ಗುರುತುಗಳನ್ನು ಹುಡುಕುವ ಅಧ್ಯಯನ. ಕೈ ನಡುಗತೊಡಗುವ ಹೊತ್ತಿಗೆ, ಚಲನೆಗೆ ಬೇಕಾದ ಡೋಪಮೈನ್ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳಲ್ಲಿ ದೊಡ್ಡ ಪಾಲು ಸತ್ತಿರುತ್ತದೆ. ರೋಗಿಯ ಬೆರಳು ಬಡಿಸಿ, ಎಬ್ಬಿಸಿ ನಡೆಸಿ ವೈದ್ಯರು ಕೊಡುವ ಅಂಕವೋ, ಮಾತ್ರೆ ನುಂಗಿದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹೀಗಿರುವಾಗ ಹೊಸ ಔಷಧಿ ಫಲಿಸಿತೆಂದು ತಿಳಿಯುವುದಾದರೂ ಹೇಗೆ? ಅದಕ್ಕಾಗಿಯೇ ಪಿಪಿಎಂಐ ಸ್ವಯಂಸೇವಕರ ರಕ್ತ, ಬೆನ್ನುಹುರಿಯ ದ್ರವ, ಮಿದುಳಿನ ಸ್ಕ್ಯಾನ್‌ಗಳನ್ನು ವರ್ಷಗಟ್ಟಲೆ ಸಂಗ್ರಹಿಸಿತು. ಆ ಮಾಹಿತಿಯನ್ನು ಬೀಗ ಹಾಕಿ ಇಡದೆ ಜಗತ್ತಿನ ಸಂಶೋಧಕರಿಗೆ ತೆರೆದಿಟ್ಟಿತು. ಪೈಪೋಟಿಯೇ ಜೀವಾಳವಾದ ಔಷಧ ಕ್ಷೇತ್ರದಲ್ಲಿ ಇದು ಸಣ್ಣ ಸಾಧನೆಯಲ್ಲ.

ಫಲ ಕಂಡದ್ದು 2023ರಲ್ಲಿ. ಈ ರೋಗದಲ್ಲಿ ಕೆಡುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡರೆ, ಹಾಲಿಗೆ ಬಿದ್ದ ಹೆಪ್ಪಿನಂತೆ, ಸುತ್ತಲಿನ ಪ್ರೋಟೀನನ್ನೂ ತನ್ನ ಹಾದಿಗೇ ಎಳೆಯುತ್ತದೆ. ಇದನ್ನು ಪತ್ತೆಹಚ್ಚಲು ಬೆನ್ನುಹುರಿಯ ದ್ರವಕ್ಕೆ ಪ್ರಯೋಗಾಲಯದಲ್ಲಿ ತಯಾರಿಸಿದ ಅದೇ ಪ್ರೋಟೀನು ಬೆರೆಸಿ ದಿನಗಟ್ಟಲೆ ಅಲುಗಿಸುತ್ತಾರೆ. ಗಂಟು ಕಟ್ಟಿದರೆ ಬಣ್ಣ ಮಿನುಗುತ್ತದೆ. 1,123 ಜನರ ಮಾದರಿಗಳಲ್ಲಿ ಈ ಪರೀಕ್ಷೆ ಶೇ 87.7ರಷ್ಟು ರೋಗಿಗಳನ್ನು ಗುರುತಿಸಿತು.

ಆದರೂ ಕೊರತೆಗಳಿವೆ. ಸೊಂಟಕ್ಕೆ ಸೂಜಿ ಚುಚ್ಚಿಯೇ ದ್ರವ ತೆಗೆಯಬೇಕು. ಉತ್ತರ 'ಇದೆ', 'ಇಲ್ಲ' ಅಷ್ಟೇ. ರೋಗ ಎಷ್ಟು ಬಲಿತಿದೆ, ಔಷಧಿಯಿಂದ ಎಷ್ಟು ತಗ್ಗಿತು ಎಂಬುದು ಗೊತ್ತಾಗುವುದಿಲ್ಲ. ಎಲ್‌ಆರ್‌ಆರ್‌ಕೆ2 ಜೀನ್ ದೋಷವಿದ್ದ ರೋಗಿಗಳಲ್ಲಂತೂ ಪತ್ತೆಯಾದವರು ಶೇ 67.5 ಮಾತ್ರ. ಒಂದೇ ಹೆಸರಿನಡಿ ಬೇರೆ ಬೇರೆ ರೋಗಗಳಿರಬಹುದೆಂಬ ಅನುಮಾನವನ್ನು ಈ ಅಂಕಿ ಬಲಪಡಿಸುತ್ತದೆ.

ಇನ್ನೂ ಗಂಭೀರವಾದದ್ದು, ಈ ಅಳತೆಗೋಲು ಯಾರ ದೇಹದ ಮೇಲೆ ರೂಪುಗೊಂಡಿತು ಎಂಬುದು. ಪಿಪಿಎಂಐನಲ್ಲಿ ಯುರೋಪ್ ಮೂಲದವರೇ ಬಹುಪಾಲು. ವಾಸನೆ ಕುಂದುವುದು ಈ ರೋಗದ ಮುನ್ಸೂಚನೆಗಳಲ್ಲೊಂದು. ಅದರ ತಪಾಸಣೆಗೆ ಅಮೆರಿಕದಲ್ಲಿ ಹೆಸರಾದ 40 ವಾಸನೆಗಳ ಪುಸ್ತಿಕೆಯಲ್ಲಿ ಪುಟ ಕೆರೆದು ಮೂಸಿದರೆ ಪಿಜ್ಜಾ, ರೂಟ್ ಬಿಯರ್, ಸಬ್ಬಸಿಗೆ ಹಾಕಿದ ಸೌತೆಯ ಉಪ್ಪಿನಕಾಯಿ. ಹಾವೇರಿಯ ರೈತನೊಬ್ಬ ಇವನ್ನು ಗುರುತಿಸದಿದ್ದರೆ ದೋಷ ಮೂಗಿನದೇ? ಜೀನ್‌ಗಳ ವಿಷಯವೂ ಹೀಗೆಯೇ. ಯುರೋಪ್ ಮೂಲದವರಾಚೆ ನೋಡಿದ್ದರಿಂದಲೇ 2023ರಲ್ಲಿ ಆಫ್ರಿಕಾ ಮೂಲದವರಲ್ಲಿ ಜಿಬಿಎ1 ಜೀನ್‌ನ ಹೊಸ ಅಪಾಯಕಾರಿ ರೂಪ ಸಿಕ್ಕಿತು. ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿರುವ ಎಲ್‌ಆರ್‌ಆರ್‌ಕೆ2 ದೋಷ ಭಾರತೀಯರಲ್ಲಿ ಬಲು ಅಪರೂಪ.

ಭಾರತೀಯ ರೋಗಿಗಳ ಜೀನ್ ಅಧ್ಯಯನವಾದ ಗ್ಯಾಪ್-ಇಂಡಿಯಾಕ್ಕೆ ಪ್ರತಿಷ್ಠಾನ ನೆರವಾಗಿದೆ, ಸರಿಯಾದ ಹೆಜ್ಜೆ. ಆದರೆ ಒಮ್ಮೆ ರಕ್ತ ಪಡೆದರೆ ಸಾಲದು. ಪಿಪಿಎಂಐನಲ್ಲಿ ಸ್ವಯಂಸೇವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದಂತೆ ಇಲ್ಲಿಯೂ ಹಿಂಬಾಲಿಸಲು ಹಣ ಬೇಕು, ಅದರಲ್ಲಿ ನಮ್ಮ ಸರ್ಕಾರದ ಪಾಲೂ ಇರಬೇಕು.